ದಂಡೆಯಲ್ಲಿ ಒಬ್ಬರು

ಈ ವರ್ಷದವರೆಗೆ ಅಕ್ಕನನ್ನು ನಾನು ಒಮ್ಮೆಯೂ ಹರಿಗೋಲಿಗೆ ಹತ್ತಿಸಿರಲಿಲ್ಲ. ಸಂಕ್ರಾಂತಿಗೆ ಕಕ್ಕೇರಾದಿಂದ ಕೃಷ್ಣೆಗೆ ಹೋಗಿ ಮಿಂದ ಮೇಲೆ, ಊಟಕ್ಕೆ ಮೊದಲು, ಅವಳ ಮಕ್ಕಳನ್ನು ಕೂರಿಸಿಕೊಂಡು ನಾನು ಹುಟ್ಟು ಹಾಕುತ್ತಿದ್ದೆ. ನೀರಿಗೆ ಕೈಬಿಟ್ಟು ನಗುತ್ತಲೇ ಅವರು ದೊಡ್ಡವರಾದರು. ದಂಡೆಯಲ್ಲಿಟ್ಟ ರೊಟ್ಟಿಯ ಗಂಟಿಗೆ ನಾಯಿ ಬಾಯಿ ಹಾಕೀತೆಂದು ಮೊದಲ ವರ್ಷ ಅಕ್ಕನಿಗೆ ಒಂದು ಮಾತು ಕಟ್ಟಿ ಹೇಳಿದ್ದೆ: "ಮನಿಯವರು ಒಬ್ಬರು ದಂಡಿ ಮ್ಯಾಲ ನಿಂತರ, ಗಂಗವ್ವ ಉಳಿದವರನ್ನ ತಿರುಗಿ ಕಳಸ್ತಾಳ." ಅವಳು ನಂಬಿದಳು. ಅಲ್ಲಿಂದ ಪ್ರತಿ ವರ್ಷ ಗಂಟು ಹಿಡಿದು ದಂಡೆಯಲ್ಲೇ ನಿಂತಳು.

ಈ ಸಲ ಅವಳ ಮಗಳು ತನ್ನ ಮಗನನ್ನು ಹರಿಗೋಲಿನಲ್ಲಿ ಕೂರಿಸಿ ತಾನು ಹಿಂದೆ ಸರಿದಳು.

"ನೀನೂ ಹತ್ತವ್ವ," ಎಂದೆ.

"ಒಬ್ಬರು ನಿಂದರಬೇಕಲ್ಲ ಮಾಮಾ. ಅವ್ವ ಇಷ್ಟು ವರ್ಷ ನಿಂತಾಳ, ಇನ್ನ ನನ್ನ ಪಾಳಿ."

ನನ್ನ ಸುಳ್ಳು ಅವಳಿಗೂ ಅಂಟಿತ್ತು. ಹುಟ್ಟು ಕೆಳಗಿಟ್ಟು, "ಅದು ನಾ ಕಟ್ಟಿದ ಮಾತು. ನಾಯಿ ಕಾಯಾಕ ಹೇಳಿದ್ದೆ," ಎಂದೆ.

ಅಕ್ಕ ನನ್ನನ್ನೇ ನೋಡಿದಳು. "ಕಳ್ಳ ಅದಿ ನೀ. ಸರಕೋ ಅತ್ತಾಗ," ಎಂದು ಗಂಟಿನ ಸಮೇತ ಹತ್ತಿ ಕುಳಿತಳು. ಮಗಳೂ ಹತ್ತಿದಳು. ನಡುಹೊಳೆಯಲ್ಲಿ ಅಕ್ಕ ಗಂಟನ್ನು ಮೊಮ್ಮಗನ ತೊಡೆಗೆ ದಾಟಿಸಿ, ಮೆಲ್ಲಗೆ ನೀರಿಗೆ ಕೈಬಿಟ್ಟಳು. ಬಳೆಗಳ ಮೇಲೆ ನೀರು ಹರಿಯಿತು.

"ತಪ್ಪಾತಬೇ ಅಕ್ಕಾ," ಎಂದೆ. "ನಿನ್ನ ಮೊದಲ ವರ್ಷನ ಕರೀಬೇಕಿತ್ತು."