ಎರಡು ಹಾಸಿಗೆಗೆ ಒಂದೇ ತೂಕ

ಆಫೀಸಿನಲ್ಲಿ ಅವಳಿಗೆ ಗಾಬರಿ ಅಕ್ಕ ಎಂದು ಹೆಸರು ಬಿದ್ದಿತ್ತು. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಬೇರೆಯವರು ಒಮ್ಮೆ ನೋಡಿ ಬಿಟ್ಟದ್ದನ್ನು ಅವಳು ತಿರುತಿರುಗಿ ನೋಡುವಳು. ಮನೆ ಬಿಟ್ಟು ಬೀದಿಯ ತಿರುವಿನವರೆಗೆ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುವಳು. “ನಿನ್ನ ಜೊತೆ ಹೊರಟರೆ ಎರಡು ಸಲ ಹೊರಟ ಹಾಗೆ” ಎಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ನಗುತ್ತಿದ್ದ.

ಅವಳ ಕೆಲಸವೂ ಅಂಥದ್ದೇ. ಆಸ್ಪತ್ರೆಗಳಿಗೆ ಪ್ರೋಗ್ರಾಂ ಮಾಡಿಕೊಡುವ ಸಣ್ಣ ಕಂಪನಿ. ಅದರಲ್ಲಿ ಮಕ್ಕಳ ವಾರ್ಡಿನ ಔಷಧಿ ಪರದೆ ಅವಳ ಪಾಲಿಗೆ ಬಂದಿತ್ತು. ನರ್ಸ್ ಮಗುವಿನ ತೂಕ ಒತ್ತಿದರೆ ಯಾವ ಔಷಧಿ ಎಷ್ಟು ಕೊಡಬೇಕೆಂದು ಪರದೆ ಹೇಳುತ್ತಿತ್ತು. ಮದುವೆಗೆ ಮುಂಚೆ ಅವಳು ಒಂದು ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಟೈಪಿಸ್ಟ್ ಆಗಿದ್ದವಳು, ಸಂಜೆ ಕ್ಲಾಸಿಗೆ ಹೋಗಿ ಪ್ರೋಗ್ರಾಮಿಂಗ್ ಕಲಿತವಳು. ಹಾಗಾಗಿ ಪರದೆಯ ಮೇಲಿನ ಅಂಕಿ ಅವಳಿಗೆ ಬರೀ ಅಂಕಿಯಾಗಿ ಕಾಣುತ್ತಿರಲಿಲ್ಲ. ಅದರ ಹಿಂದೆ ಒಂದು ಮಗುವಿನ ಬಾಯಿ ಕಾಣುತ್ತಿತ್ತು.

ಆ ವರ್ಷ ಕಂಪನಿ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿತು. “ಇನ್ಮೇಲೆ ಕೋಡ್ ಬರೆಯೋದು ಯಂತ್ರ. ನೀವು ಕಣ್ಣಾಡಿಸಿ ಸರಿ ಅಂದ್ರೆ ಸಾಕು” ಎಂದ ಮ್ಯಾನೇಜರ್. ಅವಳ ಸಾಲಿನಲ್ಲಿ ಖಾಲಿ ಕುರ್ಚಿಗಳೇ ಹೆಚ್ಚಾದವು. ಒಂದರ ಬೆನ್ನಿಗೆ ಯಾರೋ ಮರೆತು ಹೋದ ಸ್ವೆಟರ್ ನೇತಾಡುತ್ತಲೇ ಇತ್ತು. ಅದನ್ನು ತೆಗೆಯಲು ಯಾರಿಗೂ ಕೈ ಬರಲಿಲ್ಲ. ತಪ್ಪಾದರೆ ಎಂಬ ಭಯ ಅವಳಿಗೆ ಹಳೆಯದು. ಈಗ ಅದರ ಜೊತೆಗೆ, ನಿಧಾನವಾದರೆ ಎಂಬ ಭಯವೂ ಸೇರಿಕೊಂಡಿತು. ಒಂದು ಭಯ ತಡಿ ಎನ್ನುತ್ತಿತ್ತು, ಇನ್ನೊಂದು ಬೇಗ ಎನ್ನುತ್ತಿತ್ತು.

ಮಗಳ ಶಾಲೆಯಲ್ಲಿ ಅದೇ ವರ್ಷ ಪ್ರೋಗ್ರಾಮಿಂಗ್ ಎಲ್ಲರಿಗೂ ಕಡ್ಡಾಯವಾಯಿತು. ಆ ಕೆಲಸದಲ್ಲಿರುವ ಅಪ್ಪಅಮ್ಮಂದಿರು ಬಂದು ಮಕ್ಕಳ ಜೊತೆ ಮಾತಾಡಬೇಕೆಂದು ಕಂಪ್ಯೂಟರ್ ಮೇಷ್ಟ್ರು ಕೇಳಿಕೊಂಡರು. ಇವಳು ಒಪ್ಪಿದ್ದು ಮಗಳ ಒತ್ತಾಯಕ್ಕೆ.

ಹೋಗಬೇಕಾದ ಹಿಂದಿನ ಸಂಜೆ, ಪರದೆ ಬೇಗ ತೆರೆದುಕೊಳ್ಳುವಂತೆ ಯಂತ್ರ ಬರೆದಿದ್ದ ಹೊಸ ಕೋಡ್ ಅವಳ ಮುಂದೆ ಬಂತು. ಮ್ಯಾನೇಜರ್ ಕಾರಿನ ಬೀಗದ ಕೈ ಆಡಿಸುತ್ತ ಬೆನ್ನ ಹಿಂದೆಯೇ ನಿಂತಿದ್ದ. “ಆಯ್ತಾ?” ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ “ಆಯ್ತಾ?” ಎಂದ. ಮೊದಲ ಭಾಗವನ್ನು ಅವಳು ಅಕ್ಷರ ಬಿಡದೆ ಓದಿದಳು. ಕೊನೆಯ ಭಾಗದ ಮೇಲೆ ಕಣ್ಣಷ್ಟೇ ಓಡಿತು. ಸರಿ ಎಂದು ಒತ್ತಿಬಿಟ್ಟಳು.

ಮರುದಿನ ತರಗತಿಯ ಬಾಗಿಲಲ್ಲೇ ಮೇಷ್ಟ್ರು ಅವಳನ್ನು ತಡೆದು, “ಸ್ವಲ್ಪ ಹುರುಪು ಬರೋ ಹಾಗೆ ಮಾತಾಡಿ ಮೇಡಂ. ಕೆಲಸ ಹೋಗೋ ವಿಷಯ ಎಲ್ಲ ಬೇಡ. ಮೊದಲೇ ಅರ್ಧ ಕ್ಲಾಸ್ ಆಕಳಿಸ್ತಾ ಇರತ್ತೆ” ಎಂದರು.

“ಸುಳ್ಳು ಹೇಳೋಕೆ ನಂಗೆ ಬರಲ್ಲ ಮೇಷ್ಟ್ರೇ.”

“ಸುಳ್ಳು ಬೇಡ, ಒಗ್ಗರಣೆ ಹಾಕಿ ಸಾಕು.”

ಹಳೆಯ ಕಂಪ್ಯೂಟರುಗಳು ಗುಂಯ್ ಎನ್ನುವ ಉದ್ದ ಕೋಣೆ. ಎರಡನೆಯ ಬೆಂಚಿನಲ್ಲಿ ಮಗಳು ಅಮ್ಮನನ್ನು ನೋಡಿಯೂ ನೋಡದವಳಂತೆ ಕೂತಿದ್ದಳು. ಬೋರ್ಡಿನ ಮುಂದೆ ನಿಂತು ಅವಳು ಮಾತು ಶುರುಮಾಡಿ ಇನ್ನೂ ದಾರಿಗೆ ಬರುವಷ್ಟರಲ್ಲಿ ಫೋನ್ ನಡುಗಿತು. ಆಸ್ಪತ್ರೆಯ ನಂಬರು. ಅದು ಬಂದರೆ ಎಲ್ಲಿದ್ದರೂ ಎತ್ತಲೇಬೇಕು.

“ಮಕ್ಕಳ ವಾರ್ಡಿನ ಸಿಸ್ಟರ್ ಮಾತಾಡ್ತಿರೋದು. ನಿಮ್ಮ ಪರದೆ ಯಾಕೋ ವಿಚಿತ್ರವಾಗಿದೆ. ಒಂದು ಹಾಸಿಗೇಲಿ ಕೂಸು, ಪಕ್ಕದ ಹಾಸಿಗೇಲಿ ಶಾಲೆಗೆ ಹೋಗೋ ಹುಡುಗ. ಇಬ್ಬರಿಗೂ ಒಂದೇ ಅಳತೆ ಔಷಧಿ ತೋರಿಸ್ತಿದೆ.”

ಕೇಳಿದ ಕ್ಷಣವೇ ಅವಳಿಗೆ ಅರ್ಥವಾಗಿಹೋಯಿತು. ಬೇಗ ತೆರೆದುಕೊಳ್ಳಲೆಂದು ಪರದೆ ಹಿಂದಿನ ಮಗುವಿನ ತೂಕವನ್ನು ನೆನಪಿಟ್ಟುಕೊಳ್ಳುತ್ತಿತ್ತು. ಮುಂದಿನ ಮಗುವಿನ ತೂಕ ಒತ್ತಿದರೂ ಅದನ್ನು ಬಿಡುತ್ತಿರಲಿಲ್ಲ. ಅವಳು ಓದದೆ ಬಿಟ್ಟ ಕೊನೆಯ ಭಾಗದಲ್ಲಿಯೇ ಅದು ಇತ್ತು.

“ಪರದೆ ಮುಚ್ಚಿಬಿಡಿ ಸಿಸ್ಟರ್. ಕೈಯಲ್ಲೇ ಲೆಕ್ಕ ಹಾಕಿ ಕೊಡಿ, ಉಳಿದ ಸಿಸ್ಟರುಗಳಿಗೂ ಹೇಳಿ. ಬೆಳಿಗ್ಗೆಯಿಂದ... ಯಾರಿಗಾದ್ರೂ ಕೊಟ್ಟಿದ್ದೀರಾ?”

“ನೋಡಿ ಹೇಳ್ತೀನಿ” ಎಂದು ಸಿಸ್ಟರ್ ಫೋನ್ ಇಟ್ಟರು.

ಲ್ಯಾಪ್‌ಟಾಪ್ ಅವಳ ಚೀಲದಲ್ಲೇ ಇತ್ತು. ಮುಂದಿನ ಬೆಂಚಿನ ಮಕ್ಕಳನ್ನು ಎಬ್ಬಿಸಿ ಅಲ್ಲೇ ಕೂತಳು. ಮೊಣಕಾಲು ಬೆಂಚಿಗೆ ತಾಗುತ್ತಿತ್ತು. ಹಿಂದಿನ ದಿನದ ಕೋಡ್ ತೆಗೆದು ಹಳೆಯದನ್ನು ಮತ್ತೆ ಕೂರಿಸಬೇಕು, ಮಾಡಬೇಕಾದದ್ದು ಅಷ್ಟೇ. ಆದರೆ ಪಾಸ್‌ವರ್ಡ್ ಒತ್ತುವ ಬೆರಳು ತನ್ನದಲ್ಲವೇನೋ ಎನ್ನುವಂತೆ ತಪ್ಪಿತು. ಮತ್ತೆ ತಪ್ಪಿತು. ಇನ್ನೊಮ್ಮೆ ತಪ್ಪಿದರೆ ಬಾಗಿಲೇ ಮುಚ್ಚಿಕೊಳ್ಳುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಶ್! ನಿಜವಾದ ಕೆಲಸ ಹೇಗಿರತ್ತೆ ನೋಡ್ಕೊಳ್ಳಿ” ಎಂದ ಮೇಷ್ಟ್ರು ಅವಳ ಮುಖ ಕಂಡು ಅಲ್ಲಿಗೇ ಬಾಯಿ ಮುಚ್ಚಿದರು.

ಅವಳು ಅಂಗೈ ಸೀರೆಗೆ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಬಾಗಿಲು ತೆರೆಯಿತು. ಶಾಲೆಯ ಇಂಟರ್ನೆಟ್ ಆಮೆಯಂತೆ ತೆವಳುತ್ತಿತ್ತು. ಮಗಳು ಯಾವಾಗ ಎದ್ದು ಬಂದು ಪಕ್ಕದಲ್ಲಿ ನಿಂತಳೋ ಅವಳಿಗೆ ತಿಳಿಯಲಿಲ್ಲ. ಹಳೆಯ ಪರದೆ ವಾಪಸು ಬಂದಾಗ ಅದನ್ನು ಬೇರೆ ಬೇರೆ ತೂಕ ಹಾಕಿ ನೋಡಿದಳು. ಸರಿಯಿತ್ತು.

ಸರಿಯಾದ ಮೇಲೆಯೇ ನಿಜವಾದ ಭಯ ಹಿಡಿದದ್ದು. ಅಲ್ಲಿಯವರೆಗೆ ಕೈಗೆ ಕೆಲಸವಾದರೂ ಇತ್ತು. ಈಗ ಫೋನ್ ನೋಡುತ್ತ ಕೂರುವುದಷ್ಟೇ ಉಳಿಯಿತು. ಕಿಟಕಿಯಾಚೆ ಮೈದಾನದಲ್ಲಿ ಪುಟ್ಟ ಮಕ್ಕಳು ಆಡುತ್ತಿದ್ದವು. ಒಂದು ಮಗು ಬಿದ್ದು ಅತ್ತಿತು. ಅವಳು ಬೆಚ್ಚಿಬಿದ್ದಳು.

ಫೋನ್ ಬಂತು. “ಇಬ್ಬರು ದೊಡ್ಡ ಮಕ್ಕಳಿಗೆ ಕಡಿಮೆ ಹೋಗಿದೆ, ತೊಂದರೆಯಿಲ್ಲ. ಕಿಟಕಿ ಪಕ್ಕದ ಹಾಸಿಗೆ ಕೂಸಿಗೆ ಮಾತ್ರ ಜಾಸ್ತಿ ಹೋಗಿದೆ. ತುಂಬಾ ಮಂಪರಲ್ಲಿದೆ. ಡಾಕ್ಟರು ಪಕ್ಕದಲ್ಲೇ ಇದ್ದಾರೆ.”

“ಉಸಿರು?”

“ಆಡ್ತಿದೆ. ಆದ್ರೆ ಎಬ್ಬಿಸಿದ್ರೆ ಕಣ್ಣು ಬಿಡ್ತಿಲ್ಲ.”

ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಯಂತ್ರ ಬರೆದ ಕೋಡಿನಿಂದ ಒಂದು ಕೂಸಿಗೆ ಔಷಧಿ ಜಾಸ್ತಿ ಹೋಗಿದೆ ಎಂದು ತರಗತಿಗೆ ಹೇಳಿದಳು. ಮುಂದಿನ ಸಾಲಿನ ಒಬ್ಬಳು ಮೆಲ್ಲಗೆ ಕೇಳಿದಳು, “ಆಂಟಿ, ತಪ್ಪು ಮಾಡಿದ್ದು ಯಂತ್ರ ಅಲ್ವಾ?”

“ಬರೆದಿದ್ದು ಯಂತ್ರ ಕಣಮ್ಮ. ಸರಿ ಅಂದಿದ್ದು ನಾನು.”

ಮಾತನ್ನು ಅಲ್ಲಿಗೇ ಮುಗಿಸಿ ಮಗಳ ಜೊತೆ ಮನೆಗೆ ಹೊರಟಳು. ದಾರಿಯುದ್ದಕ್ಕೂ ಮಗಳು ಅವಳ ಕೈ ಹಿಡಿದೇ ನಡೆದಳು. ಬೀದಿಯಲ್ಲಿ ಅಮ್ಮನ ಕೈ ಹಿಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

“ನಿನ್ನ ಹಿಡ್ಕೊಂಡು ಹೋಗ್ತಾರಾ ಅಮ್ಮ?”

“ಗೊತ್ತಿಲ್ಲ ಪುಟ್ಟಿ.”

ಮನೆ ತಲುಪುವ ಮೊದಲೇ ಮ್ಯಾನೇಜರ್ ಫೋನ್ ಮಾಡಿದ. “ವಾರ್ಡಿನವರು ತೂಕ ತಪ್ಪಾಗಿ ಒತ್ತಿದ್ರು ಅಂತ ವರದಿಯಲ್ಲಿ ಬರೆದುಬಿಡಿ. ಅವರು ದಿನಾ ಅಷ್ಟೊಂದು ಸಲ ಒತ್ತುತ್ತಾರೆ, ಯಾರಿಗೆ ನೆನಪಿರತ್ತೆ?”

ಅವಳಿಗೆ ಖಾಲಿ ಕುರ್ಚಿಗಳು ಕಣ್ಣ ಮುಂದೆ ಬಂದವು. ಫೋನ್ ಮಾಡಿದ ಸಿಸ್ಟರಿನ ದನಿಯೂ ಕಿವಿಯಲ್ಲಿತ್ತು. “ಆಗಲ್ಲ ಸರ್” ಎಂದಳು. ಧೈರ್ಯ ಬಂದು ಹೇಳಿದ್ದಲ್ಲ. ಇನ್ನೊಂದು ಭಯವನ್ನು ಹೊರಲು ಅವಳಲ್ಲಿ ಜಾಗವೇ ಉಳಿದಿರಲಿಲ್ಲ.

ಸಂಜೆ ದೀಪ ಹಾಕುವ ಹೊತ್ತಿಗೆ ಸಿಸ್ಟರ್ ಮತ್ತೆ ಕರೆದರು. “ಕಣ್ಣು ಬಿಡ್ತು ಕಣ್ರೀ. ಹಾಲು ಕುಡೀತು. ಈಗ ವಾರ್ಡೆಲ್ಲ ಕೇಳೋ ಹಾಗೆ ಅಳ್ತಿದೆ.” ಫೋನಿನಲ್ಲಿ ಆ ಅಳು ಸಣ್ಣಗೆ ಕೇಳಿತು. ಅವಳು ಅಡುಗೆಮನೆಯ ನೆಲದಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ಗಂಡ ಪಕ್ಕದಲ್ಲಿ ಬಂದು ಕೂತ.

ಕೆಲಸ ಹೋಗಲಿಲ್ಲ. ಇದ್ದ ಸ್ಥಾನ ಮಾತ್ರ ಹೋಯಿತು. “ಬೀಸೋ ದೊಣ್ಣೆ ತಪ್ಪಿದೆ, ಸುಮ್ನಿರಿ” ಎಂದು ಮ್ಯಾನೇಜರ್ ಅವಳನ್ನು ಒಂದು ಮೆಟ್ಟಿಲು ಕೆಳಗಿಳಿಸಿದ. ಆದರೆ ಆಸ್ಪತ್ರೆಯವರು ಪಟ್ಟು ಹಿಡಿದರು. ಔಷಧಿ ಪರದೆಯ ಯಾವ ಬದಲಾವಣೆಯನ್ನೂ ಇಬ್ಬರು ಪೂರ್ತಿ ಓದದೆ ಒಳಗೆ ಬಿಡಕೂಡದು ಎಂದಾಯಿತು. ಯಾರದೇ ಫೋನ್ ನಡುಗಿದರೂ ಅವಳ ಕೈ ಚೀಲಕ್ಕೆ ಹೋಗುತ್ತಿತ್ತು.

ಇನ್ನು ಶಾಲೆಯವರು ಕರೆಯಲಾರರು ಎಂದುಕೊಂಡಿದ್ದಳು. ಮೇಷ್ಟ್ರೇ ಮನೆಗೆ ಬಂದರು. “ನಾನು ಬರೆಯೋದು ಕಲಿಸ್ತೀನಿ. ಬರೆದದ್ದರಲ್ಲಿ ತಪ್ಪು ಹುಡುಕೋದನ್ನ ನೀವು ಕಲಿಸಿ. ವಾರಕ್ಕೊಂದು ಪೀರಿಯಡ್.”

“ನಂಗೇ ಕೈ ನಡುಗತ್ತೆ ಮೇಷ್ಟ್ರೇ.”

“ನಡುಗಲಿ ಬಿಡಿ.”

ಹೋದಳು. ತೂಕ ಒತ್ತಿದರೆ ಔಷಧಿಯ ಅಳತೆ ಹೇಳುವ ಪುಟ್ಟ ಪ್ರೋಗ್ರಾಂ ಒಂದನ್ನು ಬೋರ್ಡಿನ ಮೇಲೆ ಬರೆದು, “ಇದನ್ನ ಕೆಡಿಸಿ ನೋಡೋಣ” ಎಂದಳು. ಮಕ್ಕಳಿಗೆ ಕೆಡಿಸು ಎಂದರೆ ಕೇಳಬೇಕೇ? ತೂಕದ ಜಾಗದಲ್ಲಿ ಸೊನ್ನೆ ಹಾಕಿದರು, ಹೆಸರು ಹಾಕಿದರು, ಆನೆಯ ತೂಕ ಹಾಕಿದರು. ಎಲ್ಲದಕ್ಕೂ ಅವಳಲ್ಲಿ ಉತ್ತರವಿತ್ತು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ಕೂಸಿನ ತೂಕ ಮೂರು ಪಾಯಿಂಟ್ ಎರಡು ಅಂತ ಒತ್ತೋವಾಗ ಪಾಯಿಂಟ್ ಬೀಳದೇ ಹೋದ್ರೆ? ಮೂವತ್ತೆರಡು ಆಗತ್ತಲ್ಲ. ದೊಡ್ಡ ಮಕ್ಕಳಿಗೆ ಅದು ಸರಿಯಾದ ತೂಕಾನೇ.”

ಅವಳ ಕೈಯಲ್ಲಿ ಚಾಕ್ ಹಾಗೇ ನಿಂತಿತು. ಆಸ್ಪತ್ರೆಯ ಪರದೆ ವಯಸ್ಸನ್ನೂ ತೂಕವನ್ನೂ ತಾಳೆ ನೋಡುತ್ತದೆಯೇ? ನೋಡುತ್ತದೆ ಎಂದು ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಕಣ್ಣಾರೆ ಕಂಡ ನೆನಪು ಮಾತ್ರ ಇರಲಿಲ್ಲ.

“ಒಂದು ನಿಮಿಷ ಕೂತಿರಿ” ಎಂದು ಆಸ್ಪತ್ರೆಯ ನಂಬರು ಒತ್ತುತ್ತ ಕಾರಿಡಾರಿಗೆ ಓಡಿದಳು.