ಕೊಕ್ಕರೆ ರಾಣಿಯ ಹೊಸ ಮುಖಪುಟ

ಮದುವೆಯಾಗಿ ಕಾಶಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಕಾದಂಬರಿಗಳೇ ಹೆಚ್ಚಿದ್ದವು. ಎಲ್ಲವೂ ಒಬ್ಬರೇ ಲೇಖಕರವು. ಮಾಯಾನಗರಿಗಳು, ಮಾತಾಡುವ ಬೆಟ್ಟಗಳು, ಶಾಪಕ್ಕೆ ಸಿಕ್ಕ ಸೇನಾಪತಿಗಳು ಅವರ ಲೋಕ. ಒಂದೇ ಕಾಲಕ್ಕೆ ಎರಡು ಮೂರು ವಾರಪತ್ರಿಕೆಗಳಿಗೆ ಧಾರಾವಾಹಿ ಬರೆಯುತ್ತಿದ್ದ ಮಹಾನುಭಾವರು. ಒಂದು ಕಥೆಯ ರಾಕ್ಷಸ ದಾರಿ ತಪ್ಪಿ ಇನ್ನೊಂದು ಕಥೆಗೆ ನುಗ್ಗಿದರೂ ನಾವು ಓದುಗರು ಜಾಗ ಮಾಡಿಕೊಡುತ್ತಿದ್ದೆವು.

ಹನುಮಾನ್ ಘಾಟಿನ ನಮ್ಮ ಮನೆಯಲ್ಲಿ ಆ ಪುಸ್ತಕಗಳಿಗೆ ಗೌರವವೇನೂ ಸಿಗಲಿಲ್ಲ. ನಮ್ಮದು ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಮನೆತನ. ಕಾಶಿಯಲ್ಲೇ ಹುಟ್ಟಿ ಬೆಳೆದ ನಮ್ಮತ್ತೆ ಮೊದಲ ದಿನವೇ ಒಂದು ಪುಸ್ತಕವನ್ನು ತಿರುಗಿಸಿ ನೋಡಿ, "ಈ ಹುಡುಗಿ ಪಕ್ಷಿ ಮೇಲೆ ಯಾಕೆ ಕೂತಿದಾಳೆ? ರಿಕ್ಷಾ ಸಿಗ್ಲಿಲ್ವಾ?" ಎಂದು ಕೇಳಿದ್ದರು.

ಆ ಹುಡುಗಿ ನನ್ನ ಪ್ರೀತಿಯ ಕೊಕ್ಕರೆ ರಾಣಿ. ರಾಜ್ಯ ಕಳೆದುಕೊಂಡು ಆನೆಯಷ್ಟು ದೊಡ್ಡ ಕೊಕ್ಕರೆಯ ಮೇಲೆ ಊರೂರು ಸುತ್ತುವವಳು. ಮುಖಪುಟದಲ್ಲಿ ಅವಳ ಹಿಂದೆ ಕಿತ್ತಳೆ ಬಣ್ಣದ ಆಕಾಶ, ಕೈಯಲ್ಲಿ ಕತ್ತಿ, ದಪ್ಪ ಹುಬ್ಬಿನ ಕೆಳಗೆ ನೇರ ನಮ್ಮನ್ನೇ ನೋಡುವ ಕಣ್ಣು. ಹೈಸ್ಕೂಲಿನಲ್ಲಿದ್ದಾಗ ಕನ್ನಡಿಯ ಮುಂದೆ ನಿಂತು ಆ ನೋಟವನ್ನು ಎಷ್ಟು ಅಭ್ಯಾಸ ಮಾಡಿದ್ದೆನೆಂದರೆ, ಅಮ್ಮ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು.

ಬಹಳ ವರ್ಷ ಆ ಕಾದಂಬರಿಗಳು ಎಲ್ಲೂ ಸಿಗುತ್ತಿರಲಿಲ್ಲ. ಈಗೀಗ ಒಬ್ಬ ಪ್ರಕಾಶಕರು ಅವನ್ನು ಒಂದೊಂದಾಗಿ ಮರುಮುದ್ರಣ ಮಾಡುತ್ತಿದ್ದಾರೆ. ಫೋನಿನಲ್ಲಿ ಅಭಿಮಾನಿಗಳ ಗ್ರೂಪ್ ಒಂದಿದೆ ಎಂದು ತಂಗಿ ನನ್ನನ್ನು ಸೇರಿಸಿದಳು. ಸೇರಿದ ವಾರವೇ ಕೊಕ್ಕರೆ ರಾಣಿಯ ಹೊಸ ಮುಖಪುಟದ ಚಿತ್ರ ಬಂತು. ಕಡುನೀಲಿ ರಾತ್ರಿ, ದೂರದಲ್ಲಿ ಒಂದು ಕಲ್ಲಿನ ನಗರ, ಕೊಕ್ಕರೆಯ ಮೇಲೆ ನಮಗೆ ಬೆನ್ನು ಹಾಕಿ ಕುಳಿತ ರಾಣಿ. ಕಾಣುವುದು ಜಡೆ ಮಾತ್ರ.

"ಮುಖವೇ ಇಲ್ಲದ ಮುಖಪುಟ" ಎಂದು ಬರೆದು ಹಾಕಿದೆ. ಮೂವತ್ತು ಜನ ನಗುವ ಗುರುತು ಒತ್ತಿದರು. ಒಬ್ಬರು ಮಾತ್ರ ಎದುರು ಬಿದ್ದರು. ಗ್ರೂಪಿನಲ್ಲಿ ಅವರ ಗುರುತು ಒಂದು ಕೆಂಪು ದಾಸವಾಳ.

"ಮುಖ ತೋರಿಸದೆ ಇರೋದೇ ಛಲೋ. ಆಕಿ ಮುಖ ಓದೋರಿಗೆ ಬಿಟ್ಟದ್ದು" ಎಂದು ಬರೆದರು ದಾಸವಾಳದವರು.

ಅಲ್ಲಿಂದ ನಮ್ಮಿಬ್ಬರ ಜಗಳ ಶುರು. ಹಳೆಯ ಚಿತ್ರ ಸಿನಿಮಾ ಪೋಸ್ಟರಿನ ಹಾಗಿದೆ ಎಂದು ಅವರು, ಹೊಸದು ಸೊಳ್ಳೆಬತ್ತಿಯ ಡಬ್ಬಿಯ ಹಾಗಿದೆ ಎಂದು ನಾನು. ಪುಸ್ತಕ ಕೈಗೆ ಬಂದ ಮೇಲೆ ಅವರು ಇನ್ನೊಂದು ತಕರಾರು ತೆಗೆದರು. ಪ್ರಕಾಶಕರು ಒಂದು ಪ್ರಸಂಗವನ್ನೇ ಕತ್ತರಿಸಿದ್ದಾರಂತೆ. ಕಲ್ಲಿನ ನಗರದ ಬಾಗಿಲಲ್ಲಿ ಹಸಿದ ರಾಣಿ ಕುಳಿತು ಜೋಳದ ರೊಟ್ಟಿ ತಟ್ಟುತ್ತಾಳಂತೆ, ಆ ಪಟಪಟ ಸದ್ದಿಗೆ ಕಲ್ಲಾಗಿದ್ದ ಕಾವಲುಗಾರರು ಒಬ್ಬೊಬ್ಬರೇ ಕಣ್ಣು ಬಿಟ್ಟು ಬಾಗಿಲು ತೆರೆಯುತ್ತಾರಂತೆ. "ಅಂಥಾದ್ದು ಯಾವ ಆವೃತ್ತಿಯಲ್ಲೂ ಇಲ್ಲ" ಎಂದು ನಾನು ಖಡಾಖಂಡಿತವಾಗಿ ಬರೆದೆ. ರಾಣಿ ಬಾಗಿಲು ತೆಗೆಯುವುದು ಕತ್ತಿಯ ಹಿಡಿಯಿಂದ ಬಡಿದು. ನನಗೆ ಬಾಯಿಪಾಠ.

ನನ್ನ ಪ್ರತಿಯೂ ಅಷ್ಟರಲ್ಲಿ ಬಂತು. ನಮ್ಮ ಗಲ್ಲಿಯೊಳಗೆ ಬರಲು ಯಾವ ಕೊರಿಯರ್‌ನವನಿಗೂ ಧೈರ್ಯವಿಲ್ಲ. ಸೋನಾರ್‌ಪುರದ ಔಷಧಿ ಅಂಗಡಿಯಲ್ಲಿ ಪಾರ್ಸಲ್ ಇಟ್ಟು ಫೋನ್ ಮಾಡುತ್ತಾರೆ. ತರಕಾರಿಗೆ ಹೋಗಿದ್ದ ಅತ್ತೆಯೇ ಅದನ್ನು ತಂದರು. ಅಡುಗೆಮನೆಯಲ್ಲಿ ನಾನು ಬಿಚ್ಚಿ ನೋಡುತ್ತಿದ್ದಾಗ ಅವರು ಇಣುಕಿ, "ಇದು ಅಚ್ಛಾ ಇದೆ ಕಣೆ. ಇವಳು ಎಲ್ಲಿಗೋ ಹೋಗ್ತಿದಾಳೆ. ಹಳೆಯವಳು ಫೋಟೋಗೆ ನಿಂತಿದ್ಲು" ಎಂದರು. ನನಗೆ ಕೋಪವೇ ಬಂತು. ಆದರೆ ಕಾಗದ ಒಳ್ಳೆಯದಿತ್ತು, ಅಕ್ಷರ ದೊಡ್ಡದಿತ್ತು. ಕುಕ್ಕರ್ ಕೂಗುವುದರೊಳಗೆ ಎರಡು ಅಧ್ಯಾಯ ಮುಗಿಸಿದ್ದೆ.

ಅದಾದ ಕೆಲವೇ ದಿನಕ್ಕೆ ಗದಗಿನ ಕಡೆಯಿಂದ ದಂಪತಿಗಳಿಬ್ಬರು ತಂದೆತಾಯಿಗಳ ಕರ್ಮ ಮಾಡಿಸಲು ಬಂದು ನಮ್ಮಲ್ಲೇ ಇಳಿದುಕೊಂಡರು. ಕೆಲಸ ಮುಗಿದು ಊಟಕ್ಕೆ ಎಲೆ ಹಾಕಿದ್ದೆವು. ಗಂಡಸರು ಒಳಗೆ ಕುಳಿತಿದ್ದರು. ಆ ಹೆಂಗಸು ಕೈ ತೊಳೆದು ಬರುತ್ತ ಕಿಟಕಿಯ ಹತ್ತಿರ ನಿಂತುಬಿಟ್ಟರು. ಅಲ್ಲಿ ನನ್ನ ಎರಡೂ ಕೊಕ್ಕರೆ ರಾಣಿಯರು ಅಕ್ಕಪಕ್ಕ ಮಲಗಿದ್ದರು.

"ಅಯ್ಯ, ಇದು ಇಲ್ಲೂ ಬಂದದೇನ್ರೀ?" ಎಂದು ಹೊಸದನ್ನು ಎತ್ತಿಕೊಂಡರು. "ಛಲೋ ಮಾಡ್ಯಾರ. ಆದ್ರ ನೋಡ್ರಿ, ರೊಟ್ಟಿ ತಟ್ಟೋದು ತೆಗದುಬಿಟ್ಟಾರ."

ನನ್ನ ಕೈಯಲ್ಲಿದ್ದ ಸಾರಿನ ಪಾತ್ರೆ ಅಲ್ಲೇ ನಿಂತಿತು. "ನೀವು... ದಾಸವಾಳನಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸೊಳ್ಳಿಬತ್ತಿ ಡಬ್ಬಿ ಅಂದಾಕಿ ನೀವಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಳಗಿನಿಂದ ನನ್ನವರು, "ಸಾರು ಬರುತ್ತೋ ಇಲ್ವೋ?" ಎಂದು ಕೂಗಿದರು. ಅತ್ತೆ ಪಾತ್ರೆ ಕಿತ್ತುಕೊಂಡು ತಾವೇ ಬಡಿಸಲು ಹೋದರು.

ಊಟವಾದ ಮೇಲೆ ಹಳೆಯ ಪ್ರತಿಯನ್ನು ಅವರ ಮುಂದಿಟ್ಟೆ. ಗ್ರೂಪಿನಲ್ಲಷ್ಟೇ ಕಂಡಿದ್ದ ಆ ಕಿತ್ತಳೆ ಆಕಾಶದ ಚಿತ್ರವನ್ನು ಅಚ್ಚಾದ ಪುಸ್ತಕದ ಮೇಲೆ ಅವರು ನೋಡುತ್ತಿದ್ದದ್ದು ಅದೇ ಮೊದಲು. ಅವರ ಊರಿನ ವಾಚನಾಲಯದ ಪ್ರತಿಗೆ ಮುಖಪುಟವೇ ಇರಲಿಲ್ಲವಂತೆ. ಯಾರೋ ಹರಿದ ಮೇಲೆ ಬರಿಯ ರಟ್ಟು ಕಟ್ಟಿಸಿದ್ದರಂತೆ.

"ನನಗ ಆಗ ಸರಳ ಓದಾಕ ಬರ್ತಿರಲಿಲ್ಲ. ನಮ್ಮಕ್ಕ ಓದಿ ಹೇಳ್ತಿದ್ಲು. ರಾಣಿ ಅಂದ್ರ ನನ್ನ ಕಣ್ಣಾಗ ನಮ್ಮಕ್ಕನ ಮುಖಾನಽ" ಎಂದರು. ಸ್ವಲ್ಪ ಹೊತ್ತು ಹಳೆಯ ಮುಖಪುಟವನ್ನೇ ನೋಡಿದರು. "ಈಕಿ ಚೆಂದದಾಳ ಬಿಡ್ರಿ. ಆದ್ರ ಈಕಿ ನಮ್ಮಾಕಿ ಅಲ್ಲ."

ಆ ದಪ್ಪ ಹುಬ್ಬಿನ ಮುಖಕ್ಕೆ ನಾನು ಎಷ್ಟು ಅಂಟಿಕೊಂಡಿದ್ದೆನೋ, ಕಾಣದ ಮುಖಕ್ಕೆ ಅವರೂ ಅಷ್ಟೇ ಅಂಟಿಕೊಂಡಿದ್ದರು.

ರೊಟ್ಟಿಯ ವಿಷಯ ಮಾತ್ರ ಬಿಡುವ ಹಾಗಿರಲಿಲ್ಲ. ಹಳೆಯ ಪ್ರತಿಯನ್ನು ಇಬ್ಬರೂ ಪುಟಪುಟ ತಿರುವಿ ಹುಡುಕಿದೆವು. ರಾಣಿ ಇಡೀ ಕಾದಂಬರಿಯಲ್ಲಿ ಒಲೆಯ ಹತ್ತಿರವೇ ಸುಳಿದಿರಲಿಲ್ಲ. "ಅಕ್ಕನ್ನೇ ಕೇಳಿ" ಎಂದೆ. ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

ಅಕ್ಕ ಮೊದಲು ಯಾವ ರಾಣಿ ಎಂದರು, ಆಮೇಲೆ ಯಾವ ಕೊಕ್ಕರೆ ಎಂದರು. ರೊಟ್ಟಿ ಎಂದ ಕೂಡಲೇ ಆ ಕಡೆಯಿಂದ ದೊಡ್ಡ ನಗು ಬಂತು.

"ಹುಚ್ಚಿ, ಅದು ಪುಸ್ತಕದಾಗ ಎಲ್ಲಿಂದ ಬರಬೇಕು? ಅಲ್ಲಿ ಹಾಳಿನಽ ಇರಲಿಲ್ಲ! ಗೆದ್ದಲ ತಿಂದಿತ್ತು. ನೀ ಮುಂದ ಹೇಳು, ಮುಂದ ಹೇಳು ಅಂತ ಜೀವಾ ತಿಂತಿದ್ದಿ. ನಾ ರೊಟ್ಟಿ ಬಡಿಯಾಕ ಕುಂತಿದ್ದೆ, ರಾಣಿನೂ ಬಡಿಯಾಕ ಹಚ್ಚಿದೆ."

ದಾಸವಾಳದವರು ಫೋನನ್ನು ಬಾಯಿಯ ಹತ್ತಿರ ಎತ್ತಿಕೊಂಡರು. "ಇಷ್ಟ ವರ್ಷ ಸುಳ್ಳ ಹೇಳಿದ್ಯಾ ನನಗ?"

"ಸುಳ್ಳೇನು? ಬಾಗಿಲಾ ತೆರೀತೋ ಇಲ್ಲೋ?"

ನಮ್ಮತ್ತೆ ಬಾಗಿಲ ಬಳಿಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಫೋನಿನ ಹತ್ತಿರ ಬಾಗಿ, "ಬಿಲ್ಕುಲ್ ಸರಿ ಹೇಳಿದ್ರಿ ನೋಡಿ ಅಮ್ಮ. ಕತ್ತಿಗಿಂತ ರೊಟ್ಟಿನೇ ವಾಸಿ. ಆಮೇಲೆ ಏನಾಯ್ತು?" ಎಂದು ಕೇಳಿದರು. ಅಕ್ಕ ಹೇಳಿದರು. ಎದ್ದ ಕಾವಲುಗಾರರಿಗೆ ರಾಣಿ ರೊಟ್ಟಿ ಬಡಿಸಿ, ಯಾರು ಯಾವ ಊರಿನವರು ಎಂದು ವಿಚಾರಿಸಿಕೊಂಡು, ಅವರವರ ಮನೆಗೆ ಕಳಿಸಿದಳಂತೆ. ನಮ್ಮ ಲೇಖಕರು ಅವರನ್ನು ಹಾಗೆಯೇ ಕಲ್ಲಾಗಿ ಬಿಟ್ಟು ಮುಂದೆ ಹೋಗಿದ್ದರು ಎಂಬುದು ನನಗೆ ಆಗಲೇ ಹೊಳೆದದ್ದು.

ಸಂಜೆ ಘಾಟಿನ ಮೆಟ್ಟಿಲ ಮೇಲೆ ಇಬ್ಬರೂ ಒಂದೊಂದು ಪುಸ್ತಕ ಹಿಡಿದು ಫೋಟೋ ತೆಗೆಸಿಕೊಂಡೆವು. ತೆಗೆದವರು ಅವರ ಯಜಮಾನರು. ಮೊದಲ ಸಲ ಅವರ ಹೆಬ್ಬೆರಳು ಬಂತು, ಎರಡನೆಯ ಸಲ ಒಂದು ಮೇಕೆ ಬಂತು. ಮೇಕೆಯಿರುವುದನ್ನೇ ಗ್ರೂಪಿಗೆ ಹಾಕಿದೆವು. ಜಗಳಗಂಟಿಯರು ಒಂದೇ ಮೆಟ್ಟಿಲ ಮೇಲೆ ಕುಳಿತದ್ದನ್ನು ಕಂಡು ಗ್ರೂಪಿನವರಿಗೆ ನಂಬಿಕೆಯೇ ಬರಲಿಲ್ಲ. ರೊಟ್ಟಿಯ ಪ್ರಸಂಗವನ್ನು ಅಕ್ಕನ ಬಾಯಿಂದಲೇ ಕೇಳಬೇಕೆಂದು ಎಲ್ಲರೂ ಹಟ ಹಿಡಿದರು.

ಈಗ ಅಕ್ಕನೂ ಗ್ರೂಪಿನಲ್ಲಿದ್ದಾರೆ. ಮರುಮುದ್ರಣದ ಒಂದೊಂದು ಪುಸ್ತಕ ಬಂದಾಗಲೂ ಗೆದ್ದಲು ತಿಂದ ಜಾಗಗಳಲ್ಲಿ ತಾವು ಏನು ಹೇಳಿದ್ದೆವೆಂದು ನೆನಪಿಸಿಕೊಂಡು ದನಿ ಮುದ್ರಿಸಿ ಕಳಿಸುತ್ತಾರೆ. ನೆನಪಾಗದಿದ್ದರೆ ಹೊಸದಾಗಿ ಕಟ್ಟುತ್ತಾರೆಂದು ನನಗೆ ಅನುಮಾನ. ನಿನ್ನೆ ಅತ್ತೆ ಬಟಾಣಿ ಸುಲಿಯುತ್ತ ಅಕ್ಕನ ಕಥೆ ಕೇಳುತ್ತಿದ್ದಾಗ ಯಾರೋ ಯಾತ್ರಿಕರು ಬಾಗಿಲು ತಟ್ಟಿದರೆ, "ಏಕ್ ಮಿನಿಟ್ ರುಕಿಯೇ" ಎಂದು ಅವರನ್ನು ಜಗಲಿಯ ಮೇಲೆ ಕೂರಿಸಿ, ಫೋನನ್ನು ಇನ್ನಷ್ಟು ಜೋರು ಮಾಡಲು ನನಗೆ ಸನ್ನೆ ಮಾಡಿದರು.