ಶುಕ್ರವಾರದ ತೂಕ

ಎದೆಹಾಲು ಬತ್ತಿಸುವುದಕ್ಕೆ ಮಲ್ಲಿಗೆ ಹೂವು ಸಾಕು ಎಂದು ನನಗೆ ಕಲಿಸಿದವರು ನನ್ನ ಅತ್ತೆ. ಮಗಳಿಗೆ ಮೂರು ತಿಂಗಳು ತುಂಬಿದ ಮರುದಿನ, ವಿಜಯವಾಡದ ಮನೆಯ ಒಳಕೋಣೆಯಲ್ಲಿ ನನ್ನನ್ನು ಕೂರಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಾಲ್ಕು ಮೊಳ ಮಲ್ಲಿಗೆ ತೆಗೆದು ಎರಡೂ ಎದೆಗೆ ಸುತ್ತಿದರು. ಮೇಲೆ ಹಳೆಯ ಪಂಚೆಯ ತುಂಡು ಹಾಕಿ ಬಿಗಿದು ಕಟ್ಟಿದರು. ದೇವರ ಪಟಕ್ಕೆ ಏರಿಸುವಾಗಲೂ ಅವರ ಕೈಯಲ್ಲಿ ಅಷ್ಟು ಭಕ್ತಿ ಇರುತ್ತಿರಲಿಲ್ಲ.

"ದಿನಾ ಎರಡು ಸಲ ಹೂವು ಬದ್ಲಿ ಮಾಡ್ಬೇಕು ನೋಡವಾ. ಎಂಟು ದಿನದಾಗ ಹಾಲು ಇಂಗಿ ಹೋಗ್ತೈತಿ. ಆಮ್ಯಾಲ ನೀನು ಆರಾಮಾಗಿ ವೈಜಾಗಿಗಿ ಹೋಗಿ ನೌಕ್ರಿ ಮಾಡು," ಎಂದರು.

"ಮತ್ತೆ ಪಾಪು?"

"ಪಾಪು ಇಲ್ಲೇ ಇರ್ತೈತಿ. ನಾನಿಲ್ಲೇನು? ಡಬ್ಬಿ ಹಾಲಿಲ್ಲೇನು?"

ಅವರ ಲೆಕ್ಕಾಚಾರ ಇಷ್ಟು ಸರಳವಾಗಿತ್ತು. ಮಗು ಬಾಟಲಿ ಹಿಡಿದರೆ ವಿಜಯವಾಡದಲ್ಲಿ ಉಳಿಯುತ್ತದೆ, ಎದೆ ಹಿಡಿದರೆ ನನ್ನ ಜೊತೆ ಬರುತ್ತದೆ. ನಮ್ಮಿಬ್ಬರ ಯುದ್ಧ ಪೂರ್ತಿ ನಡೆದದ್ದು ಈ ಒಂದು ಮಾತಿನ ಮೇಲೆ.

ನನ್ನದು ಹೊಸಪೇಟೆ. ಅತ್ತೆಯ ತವರು ಬಳ್ಳಾರಿ. ಅವರು ಮೂವತ್ತೈದು ವರ್ಷದ ಹಿಂದೆ ವಿಜಯವಾಡದ ತೆಲುಗು ವ್ಯಾಪಾರಿಗಳ ಮನೆಗೆ ಮದುವೆಯಾಗಿ ಬಂದವರು. ಕನ್ನಡ ಆಡಲು ಮನೆಯಲ್ಲಿ ಒಂದು ಜೀವ ಬೇಕು ಎಂದು ಹಟ ಹಿಡಿದು ನನ್ನನ್ನು ಹುಡುಕಿ ಸೊಸೆ ಮಾಡಿಕೊಂಡಿದ್ದರು. ಆಡಿದರು ಕೂಡ. ಬೈಯುವುದಕ್ಕೆ ಆ ಮನೆಯಲ್ಲಿ ಕನ್ನಡದಷ್ಟು ಅನುಕೂಲವಾದ ಭಾಷೆ ಇನ್ನೊಂದಿರಲಿಲ್ಲ. ಮಾವನವರಿಗೆ ತಿಳಿಯುತ್ತಿರಲಿಲ್ಲ, ಕೆಲಸದವಳಿಗೆ ತಿಳಿಯುತ್ತಿರಲಿಲ್ಲ. ನಗುಮುಖ ಇಟ್ಟುಕೊಂಡು "ನಿನ್ನ ಹಾಲು ಅಕ್ಕಿ ತೊಳೆದ ನೀರಿನಂಗ ಐತಿ" ಎಂದರೆ, ನೋಡಿದವರು ಅತ್ತೆ ಸೊಸೆ ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದುಕೊಳ್ಳುತ್ತಿದ್ದರು. ನನ್ನ ಗಂಡನಿಗೆ ಅರ್ಧ ಅರ್ಥವಾಗುತ್ತಿತ್ತು. ಆ ಅರ್ಧವನ್ನೂ ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಗಂಡನೂ ನಾನೂ ಇದ್ದದ್ದು ವಿಶಾಖಪಟ್ಟಣದಲ್ಲಿ. ಅವರಿಗೆ ದ್ವಾರಕಾ ನಗರದಲ್ಲಿ ಬ್ಯಾಂಕಿನ ಕೆಲಸ, ನನಗೆ ದುವ್ವಾಡದ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ. ನನ್ನ ತಾಯಿ ಇಲ್ಲದ್ದರಿಂದ ಬಾಣಂತನಕ್ಕೆ ತವರೆಂಬುದಿರಲಿಲ್ಲ, ಅತ್ತೆಯ ಮನೆಗೆ ಬಂದೆ. ಮೂರು ತಿಂಗಳು ಹೆರಿಗೆ ರಜೆ, ಅದರ ಮೇಲೆ ಬೇಡಿಕೊಂಡು ಪಡೆದ ಸಂಬಳವಿಲ್ಲದ ಮೂರು ತಿಂಗಳು. ಅಷ್ಟರೊಳಗೆ ನನ್ನ ಎದೆ ಬತ್ತಬೇಕು, ಮಗು ಡಬ್ಬದ ಹಾಲಿಗೆ ಒಗ್ಗಬೇಕು, ನಾನು ಒಬ್ಬಳೇ ರೈಲು ಹತ್ತಬೇಕು. ನನ್ನನ್ನು ಕೇಳದೆ ಎಲ್ಲ ತೀರ್ಮಾನವಾಗಿತ್ತು.

ಡಬ್ಬದ ಹಾಲಿನ ಮೇಲೆ ಆ ಮನೆಗೆ ಅಷ್ಟು ಅಭಿಮಾನ ಏಕೆಂದರೆ ಆ ಮನೆ ಎದ್ದು ನಿಂತದ್ದೇ ಅದರ ಮೇಲೆ. ಗವರ್ನರ್‌ಪೇಟೆಯಲ್ಲಿ ಮನೆಗೆ ಹೊಂದಿಕೊಂಡೇ ಮಾವನವರದು ಮಕ್ಕಳ ಹಾಲಿನ ಪುಡಿಯ ಹೋಲ್‌ಸೇಲ್ ಅಂಗಡಿ. ಮುಂದಿನ ಕಟ್ಟೆಯಲ್ಲಿ ಬಿಡಿ ವ್ಯಾಪಾರವೂ ಇತ್ತು. ಸುತ್ತಲ ಹಳ್ಳಿಗಳಿಂದ ಹೆಂಗಸರು ಕೂಸು ಎತ್ತಿಕೊಂಡು ಬಂದರೆ ಅವರನ್ನು ಮಾತಾಡಿಸುವುದು ಅತ್ತೆಯ ಪಾಲು. ಕೂಸಿನ ತೊಡೆ ಹಿಸುಕಿ ನೋಡಿ, ತಾಯಿಯ ಮುಖ ನೋಡಿ, ಯಾವ ಡಬ್ಬ, ಎಷ್ಟು ಚಮಚ ಎಂದು ಹೇಳಿ ಕಳಿಸುತ್ತಿದ್ದರು. ಅವರ ಮಾತಿಗೆ ಡಾಕ್ಟರ ಮಾತಿಗಿಂತ ಹೆಚ್ಚು ಬೆಲೆ. ಅಂಥವರ ಸೊಸೆ ಸೆರಗು ಹೊದ್ದು ಮೊಲೆಯೂಡಿಸುತ್ತ ಕೂತರೆ ಅಂಗಡಿಯ ಮಾನ ಏನಾಗಬೇಕು?

ಮಲ್ಲಿಗೆ ಕಟ್ಟಿ ಅವರು ಬಾಗಿಲು ದಾಟಿದ ಕೂಡಲೇ ನಾನು ಬಿಚ್ಚುತ್ತಿದ್ದೆ. ಹೊತ್ತಿಗೆ ಸರಿಯಾಗಿ ಮತ್ತೆ ಸುತ್ತಿಕೊಳ್ಳುತ್ತಿದ್ದೆ. ಅವರು ಹೂವು ಬದಲಿಸುವಾಗ ಬಾಡಿದ ಮಾಲೆ ನೋಡಿ ತೃಪ್ತಿಯಿಂದ ತಲೆಯಾಡಿಸುವರು. ಬಾಟಲಿಯ ಹಾಲು ಅವರೇ ಕಲಸಿ ತಂದುಕೊಡುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು, ಮಗುವಿಗೆ ಎದೆ ಕೊಟ್ಟು, ಬಾಟಲಿಯನ್ನು ಬಚ್ಚಲಿಗೆ ಸುರಿಯುತ್ತಿದ್ದೆ. ನಾಲ್ಕು ತಿಂಗಳು ತುಂಬಿದ ಮೇಲೆ ಅಡುಗೆಮನೆಗೆ ಹೋಗಲು ಅಪ್ಪಣೆ ಸಿಕ್ಕಿತು. ಆಮೇಲೆ ಬಚ್ಚಲಿಗೆ ಏಕೆ ದಂಡ ಎಂದು ಸಂಜೆಯ ಕಾಫಿಯ ಹಾಲಿನ ಪಾತ್ರೆಗೆ ಸುರಿಯತೊಡಗಿದೆ. ಅತ್ತೆ ಲೋಟ ಹಿಡಿದು, ಈಚೆಗೆ ಹಾಲಿನವನ ಎಮ್ಮೆ ಒಳ್ಳೆ ಮೇವು ತಿನ್ನುತ್ತಿದೆ ಎಂದು ಮಾವನವರಿಗೆ ತೆಲುಗಿನಲ್ಲಿ ಹೇಳುವುದು ಕೇಳಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಮಗುವಿನ ಪಾಲಿನದನ್ನು ಅಜ್ಜಿಗೆ ಕುಡಿಸಿದೆನಲ್ಲ ಎಂಬ ಪಾಪಭಯ ಒಂದು ದಿನವೂ ನನ್ನ ಹತ್ತಿರ ಸುಳಿಯಲಿಲ್ಲ.

ಪ್ರೀತಿ ಉಕ್ಕಿ ಹಾಲೂಡಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ವಾರಗಳಲ್ಲಿ ತೊಟ್ಟು ಬಿರಿದು ರಕ್ತ ಬರುತ್ತಿತ್ತು. ಮಗು ಬಾಯಿ ಹಾಕಿದರೆ ನಾನು ದಿಂಬು ಕಚ್ಚುತ್ತಿದ್ದೆ. ಒಂದು ಸಲ ಎದೆ ಕಲ್ಲುಗಟ್ಟಿ ಚಳಿಜ್ವರ ಬಂದು, ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಎರಡು ದಿನ ನರಳಿದೆ. ಅತ್ತೆಗೆ ತಿಳಿಯಬಾರದೆಂದು ತಲೆನೋವು ಎಂದೆ. ಹಸಿವು ಎಂಥದ್ದೆಂದರೆ ಗೋಡೆಯನ್ನಾದರೂ ಕೆರೆದು ತಿನ್ನೋಣ ಅನ್ನಿಸುತ್ತಿತ್ತು. ಆದರೆ ಹಾಲು ಬತ್ತಿದೆಯೆಂದು ನಂಬಿದ ಅತ್ತೆ ನನ್ನ ತಟ್ಟೆಯಿಂದ ಬೆಳ್ಳುಳ್ಳಿ ಕಾರ, ತುಪ್ಪ ಎಲ್ಲ ಕಡಿಮೆ ಮಾಡಿದ್ದರು. ಬಿಟ್ಟುಬಿಡೋಣ ಎಂದು ಅನ್ನಿಸಿದಾಗೆಲ್ಲ ಅತ್ತೆಯ ಮುಖ ನೆನೆಸಿಕೊಳ್ಳುತ್ತಿದ್ದೆ, ಹಾಲು ತಾನೇ ಇಳಿಯುತ್ತಿತ್ತು. ಆಮೇಲೆ ಮಗು ಕುಡಿಯುತ್ತ ಕುಡಿಯುತ್ತ ನನ್ನ ತಾಳಿಸರ ಹಿಡಿದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡಲು ಕಲಿತಳು. ಆಗ ಸಿಟ್ಟಿನ ಜೊತೆಗೆ ಇನ್ನೊಂದೂ ಸೇರಿಕೊಂಡಿತು. ಅದು ಸೇರಿದ ಮೇಲೆ ಸಿಟ್ಟು ಇನ್ನೂ ಗಟ್ಟಿಯಾಯಿತು.

ನನ್ನ ಮಗಳು ಬೆಳೆದಳು. ಕೈಕಾಲಿನಲ್ಲಿ ಮಡಿಕೆ ಮಡಿಕೆ. ಅದನ್ನು ಕಂಡು ಅತ್ತೆಗೆ ಒಂದು ಉಪಾಯ ಹೊಳೆಯಿತು. ಪ್ರತಿ ಶುಕ್ರವಾರ, ಸಂತೆಗೆ ಬಂದ ಹಳ್ಳಿಯ ಹೆಂಗಸರು ಅಂಗಡಿಯಲ್ಲಿ ತುಂಬಿದ ಹೊತ್ತಿಗೆ, ಮಗುವನ್ನು ಎತ್ತಿಕೊಂಡು ಹೋಗಿ ಮೂಟೆ ತೂಗುವ ತಕ್ಕಡಿಯ ಮೇಲೆ ಟವೆಲ್ ಹಾಸಿ ಮಲಗಿಸುವರು. ತೂಕವನ್ನು ಗಟ್ಟಿಯಾಗಿ ಕೂಗಿ, ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆಯುವರು. ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುವರು. "ಮಾ ಮನವರಾಲು. ಅಂತಾ ಡಬ್ಬಾ ಪಾಲೇ," ನಮ್ಮ ಮೊಮ್ಮಗಳು, ಎಲ್ಲ ಡಬ್ಬದ ಹಾಲೇ, ಎಂದು ಅತ್ತೆ ಹೇಳುವರು. ನಾನು ಗೋಡೆಗೆ ಒರಗಿ ನಿಂತು ನನ್ನ ನೆತ್ತರು ಬಸಿದು ಮಾಡಿದ ಮಾಂಸದ ಮೇಲೆ ಅವರು ಡಬ್ಬ ಮಾರುವುದನ್ನು ನೋಡುತ್ತಿದ್ದೆ. ಹಲ್ಲು ಕಡಿದು ದವಡೆ ನೋಯುತ್ತಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಾನು ಕಾಲ ಬರಲಿ ಎಂದು ಕೂರುವವಳಲ್ಲ. ವಾರ ಗೊತ್ತು ಮಾಡಿಕೊಂಡೆ.

ಆರನೆಯ ತಿಂಗಳು ಮುಗಿಯುವ ಮೊದಲಿನ ಶುಕ್ರವಾರ. ಸಂಜೆಯ ರೈಲಿಗೆ ಗಂಡ ನನಗೊಬ್ಬಳಿಗೆ ಟಿಕೆಟ್ ಮಾಡಿಸಿದ್ದರು. ಬೆಳಗಿನಿಂದ ನಾನು ಮಗುವಿಗೆ ಹಾಲು ಕೊಡಲಿಲ್ಲ. ಬಾಟಲಿ ಮುಟ್ಟಿಸಿದರೆ ತುಟಿ ಬಿಗಿದುಕೊಂಡು ಕಿರುಚುತ್ತಿದ್ದಳು. ಅಂಗಡಿಯಲ್ಲಿ ಹತ್ತು ಹದಿನೈದು ಹೆಂಗಸರಿದ್ದರು. ತಕ್ಕಡಿಯ ಮೇಲೆ ಮಲಗಿಸಿದ್ದೇ ಮಗು ಹಸಿವಿನಿಂದ ಅಂಗಡಿ ಕಿತ್ತುಹೋಗುವಂತೆ ಅತ್ತಳು. ಅತ್ತೆ ಬಾಟಲಿ ಹಿಡಿದರು, ಅವಳು ತಳ್ಳಿದಳು. ಇನ್ನೊಮ್ಮೆ ಹಿಡಿದರು, ಉಗುಳಿದಳು.

ನಾನು ಮುಂದೆ ಹೋಗಿ ಮಗುವನ್ನು ಎತ್ತಿಕೊಂಡು, ಡಬ್ಬಗಳ ರಟ್ಟಿನ ಪೆಟ್ಟಿಗೆಯ ಮೇಲೆ ಎಲ್ಲರ ಎದುರಿಗೆ ಕೂತು, ಸೆರಗು ಮುಚ್ಚಿಕೊಂಡು ಎದೆ ಕೊಟ್ಟೆ. ಅಳು ನಿಂತಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ಬೀದಿಯ ಆಟೋಗಳ ನಡುವೆಯೂ ಕೇಳಿಸಿತು. ಆರು ತಿಂಗಳು ಕನ್ನಡದಲ್ಲಿ ಬೈಸಿಕೊಂಡವಳು ಅಂದು ತೆಲುಗಿನಲ್ಲಿ ಮಾತಾಡಿದೆ, ಎಲ್ಲರಿಗೂ ತಿಳಿಯಲಿ ಎಂದು. ಈ ಕೂಸಿನ ಬಾಯಿಗೆ ಡಬ್ಬದ ಹಾಲು ಒಂದು ಚಮಚವೂ ಹೋಗಿಲ್ಲ ಎಂದೆ. ಅದನ್ನೆಲ್ಲ ಇವರೇ ಕಾಫಿಯಲ್ಲಿ ಕುಡಿದಿದ್ದಾರೆ ಎಂದೆ. ನನ್ನ ಹಾಲನ್ನೂ ಅಕ್ಕಿ ತೊಳೆದ ನೀರು ಎಂದೇ ಹೇಳುತ್ತಿದ್ದರು ಎಂದೆ. ನಿಮಗೆ ಹಾಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಡಬ್ಬ ಮಾರುವವರ ಮಾತು ಎಂದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅತ್ತೆಯ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಆ ಮುಖ ನೋಡಿದಾಗ ಆದ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸಂಜೆ ಮಗುವನ್ನು ಎತ್ತಿಕೊಂಡೇ ರೈಲು ಹತ್ತಿದೆ. ಯಾರೂ ಬೇಡ ಅನ್ನಲಿಲ್ಲ.

ಗೆದ್ದ ಮೇಲಿನ ಕಷ್ಟ ನಾನು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಬಾಟಲಿಯನ್ನು ಶತ್ರುವೆಂದು ಕಲಿತ ಮಗು ಯಾರ ಕೈಯಿಂದಲೂ ಕುಡಿಯಲಿಲ್ಲ. ಪಕ್ಕದ ಮನೆಯ ಅಜ್ಜಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಗಂಜಿ ಹಾಕಿ ಹಗಲು ದಾಟಿಸುತ್ತಿದ್ದರು. ದುವ್ವಾಡದಲ್ಲಿ ಮಧ್ಯಾಹ್ನವಾಗುತ್ತಲೇ ನನ್ನ ಬಿಳಿ ಕೋಟಿನ ಮುಂಭಾಗ ಒದ್ದೆಯಾಗುತ್ತಿತ್ತು. ಶೌಚಾಲಯದಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದೆ. ಮೇಲಧಿಕಾರಿ ಗಡಿಯಾರ ನೋಡುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಆದರೂ ಕ್ಯಾಂಟೀನಿನಲ್ಲಿ ಗೆಳತಿಯರ ಮುಂದೆ ಆ ಶುಕ್ರವಾರದ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಾಫಿಯ ಮಾತು ಬಂದಾಗ ಅವರು ಮೇಜು ತಟ್ಟಿ ನಗುತ್ತಿದ್ದರು. ನಾನು ಪ್ರತಿ ಸಲವೂ ಅತ್ತೆಯ ಕೈಯ ಬಾಟಲಿಗೆ ಬಂದು ಕತೆ ನಿಲ್ಲಿಸುತ್ತಿದ್ದೆ.

ಅಲ್ಲಿಗೆ ಅದು ನಿಂತಿರಲಿಲ್ಲ.

ಆ ಶುಕ್ರವಾರ ಅಂಗಡಿಯಲ್ಲಿದ್ದ ಹೆಂಗಸರ ನಡುವೆ ಒಬ್ಬ ಹುಡುಗಿ ಇದ್ದಳು. ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ತೆಳ್ಳಗೆ, ಕೊರಳಲ್ಲಿ ಅರಿಶಿನದ ದಾರ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸು. ಡಬ್ಬ ಕೊಂಡು ಕಂಕುಳಲ್ಲಿ ಇಟ್ಟುಕೊಂಡಾಗಿತ್ತು. ನನ್ನ ಮಾತು ಮುಗಿದ ಮೇಲೆ ಅವಳು ಮುಂದೆ ಬಂದು ಆ ಡಬ್ಬವನ್ನು ಕಟ್ಟೆಯ ಮೇಲಿಟ್ಟಳು. ಅವಳ ಮುಖ ಅರಳಿತ್ತು. ನನ್ನ ಕೈ ಮುಟ್ಟಿ, "ನಾಕೂ ಅದೇ ಅನಿಪಿಂಚಿಂದಕ್ಕಾ," ನನಗೂ ಹಾಗೇ ಅನ್ನಿಸಿತ್ತಕ್ಕ, ಎಂದಳು. ಹಣ ಮರಳಿ ಕೇಳುವುದನ್ನೂ ಮರೆತು ಮೆಟ್ಟಿಲಿಳಿದು ಜನರಲ್ಲಿ ಸೇರಿಹೋದಳು. ಅವಳ ಕೂಸು ಅಷ್ಟು ಹೊತ್ತೂ ಒಂದು ಸಲವೂ ಅತ್ತಿರಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ.

ಅತ್ತೆ ಒಮ್ಮೆ ಡಬ್ಬ ನೋಡಿದರು, ಒಮ್ಮೆ ಬೀದಿ ನೋಡಿದರು. ಬಾಟಲಿ ಬಿಸಾಡಿ, ಡಬ್ಬ ಎತ್ತಿಕೊಂಡು, ಬರಿಗಾಲಲ್ಲಿ ಗವರ್ನರ್‌ಪೇಟೆಯ ಬೀದಿಗೆ ಓಡಿದರು. ಅರವತ್ತು ದಾಟಿದ ಹೆಂಗಸು, ಮಂಡಿನೋವಿನವರು. "ಒಂದು ಡಬ್ಬದ ವ್ಯಾಪಾರ ಹೋಯಿತೆಂದು ಹೇಗೆ ಓಡುತ್ತಾರೆ ನೋಡಿ," ಎಂದು ನಾನು ಹೆಂಗಸರಿಗೆ ಹೇಳಿದೆ. ಅವರು ಮತ್ತೆ ನಕ್ಕರು.

ಅರ್ಧ ಗಂಟೆಯ ಮೇಲೆ ಅತ್ತೆ ಬಂದರು. ಮುಡಿ ಬಿಚ್ಚಿತ್ತು, ಹೆಬ್ಬೆರಳು ಒಡೆದು ರಕ್ತ ಬಂದಿತ್ತು. ಡಬ್ಬ ಕೈಯಲ್ಲೇ ಇತ್ತು. ನನ್ನ ಎದುರಿಗೆ ನಿಂತು, ಎಂದಿನ ನಗುಮುಖವಿಲ್ಲದೆ, ಮೆಲ್ಲಗೆ ಕನ್ನಡದಲ್ಲಿ ಹೇಳಿದರು.

"ಆ ಹುಡುಗಿಗಿ ಖರೇನ ಹಾಲಿಲ್ಲ. ಡಬ್ಬಿ ಕೊಡೋ ಮೊದ್ಲ ಒಳಗ ಕರ್ಕೊಂಡು ಹೋಗಿ ನಾನೇ ಹಿಂಡಿ ನೋಡೀನಿ, ಒಂದು ಹನಿ ಬರ್ಲಿಲ್ಲ. ಮೊದ್ಲಿನ ಕೂಸು ಹಿಂಗ ಹೋತಂತ. ಈ ಕೂಸಿಗಿ ಎರಡು ದಿನದಿಂದ ಬರೀ ಸಕ್ರಿ ನೀರು. ಬಸ್ ಸ್ಟ್ಯಾಂಡ್ ತನಾ ಹೋಗಿದ್ದೆ, ಸಿಗ್ಲಿಲ್ಲ. ಯಾವೂರು ಅಂತ ಕೇಳಿರ್ಲಿಲ್ಲ ನಾನು."

ನನ್ನ ಮಗಳು ಹೊಟ್ಟೆ ತುಂಬಿ ಎದೆಯ ಮೇಲೆ ನಿದ್ದೆ ಹೋಗಿದ್ದಳು.

ಮಲ್ಲಿಗೆಗಾಗಿ, ನನ್ನ ಮಗುವನ್ನು ನನ್ನಿಂದ ಬಿಡಿಸಲು ನೋಡಿದ್ದಕ್ಕಾಗಿ ಅತ್ತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಂದು ಸಂಜೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಾಗ, ಅವರು ಅಡ್ಡ ಬಂದರೆ ಏನೇನು ಅನ್ನಬೇಕೆಂದು ಮಾತು ಮಸೆದಿಟ್ಟುಕೊಂಡಿದ್ದೆ. ಅವರು ಅಂಗಡಿಯ ಮೆಟ್ಟಿಲ ಮೇಲೆ ಡಬ್ಬ ತೊಡೆಯ ಮೇಲಿಟ್ಟುಕೊಂಡು, ಬರುವ ಹೋಗುವ ಹೆಂಗಸರ ಮುಖಗಳನ್ನು ನೋಡುತ್ತ ಕೂತಿದ್ದರು. ಅವರ ಪಕ್ಕದಲ್ಲೇ ಮೆಟ್ಟಿಲಿಳಿದು ಆಟೋ ಹತ್ತಿದೆ. ನನ್ನ ಕಡೆಗಾಗಲಿ, ಮೊಮ್ಮಗಳ ಕಡೆಗಾಗಲಿ ಅವರು ತಿರುಗಿ ನೋಡಲಿಲ್ಲ.